ಹಾವಸೆ ಜೇಡ: ನೆರಳು ಕಳೆದುಕೊಂಡ ಬೆಟ್ಟದ ಜೀವಿ

ಅಮೆರಿಕದ ದಕ್ಷಿಣ ಅಪಲೇಷಿಯನ್ ಪರ್ವತಗಳ ತುತ್ತತುದಿಯಲ್ಲಿ ಮಾತ್ರ ವಾಸಿಸುವ ಒಂದು ಪುಟ್ಟ ಜೇಡವಿದೆ. ಅದರ ವೈಜ್ಞಾನಿಕ ಹೆಸರು ಮೈಕ್ರೋಹೆಕ್ಸುರಾ ಮಾಂಟಿವೇಗಾ. ಸ್ಪ್ರೂಸ್ ಮತ್ತು ಫರ್ ಮರಗಳ ಕಾಡಿನಲ್ಲಿ, ಬಂಡೆಗಳಿಗೆ ಅಂಟಿ ಬೆಳೆಯುವ ಹಾವಸೆಯ ಪದರದಲ್ಲಿ ಬದುಕುವುದರಿಂದ ನಾವು ಅದನ್ನು ಹಾವಸೆ ಜೇಡ ಎನ್ನಬಹುದು. ಭತ್ತದ ಗದ್ದೆಯ ಜೇಡಗಳಂತೆ ಇದು ಬೆಳೆ ಕಾಯುವ ಜೀವಿಯಲ್ಲ; ಇದರಿಂದ ರೈತರಿಗೆ ನೇರ ಲಾಭವೇನೂ ಇಲ್ಲ. ಆದರೂ ಇದರ ವಿಷಯವನ್ನು ಇಲ್ಲಿ ಬರೆಯಲು ಕಾರಣವಿದೆ. ಈ ಜೇಡವನ್ನು ಅಳಿವಿನ ಅಂಚಿಗೆ ತಂದದ್ದು ಹೊರದೇಶದಿಂದ ಬಂದ ಒಂದು ಸಸ್ಯಪೀಡೆ.

ದೊಡ್ಡ ಗಾತ್ರದ ಟರಾಂಟುಲಾ ಜೇಡಗಳ ಬಳಗಕ್ಕೆ ಸೇರಿದ್ದರೂ ಬಲಿತ ಹಾವಸೆ ಜೇಡ ಸುಮಾರು 3ರಿಂದ 4 ಮಿ.ಮೀ. ಉದ್ದವಿರುತ್ತದೆ, ಅಂದರೆ ಒಂದು ಜೋಳದ ಕಾಳಿನಷ್ಟು. 1925ರಲ್ಲಿ ಕ್ರಾಸ್ಬಿ ಮತ್ತು ಬಿಷಪ್ ಎಂಬ ವಿಜ್ಞಾನಿಗಳು ನಾರ್ತ್ ಕೆರೊಲಿನಾ ರಾಜ್ಯದ ಮೌಂಟ್ ಮಿಚೆಲ್‌ನಲ್ಲಿ ದೊರೆತ ಮಾದರಿಗಳಿಂದ ಇದನ್ನು ವರ್ಣಿಸಿದರು. 2,037 ಮೀಟರ್ ಎತ್ತರದ ಆ ಶಿಖರ ನಮ್ಮ ಮುಳ್ಳಯ್ಯನಗಿರಿಗಿಂತ ಸ್ವಲ್ಪವೇ ಎತ್ತರ. ಗ್ರ್ಯಾಂಡ್‌ಫಾದರ್ ಮೌಂಟನ್, ರೋನ್ ಮೌಂಟನ್, ಮೌಂಟ್ ಲೆಕಾಂಟ್, ಕುವೋಹಿ (2024ರವರೆಗೆ ಕ್ಲಿಂಗ್‌ಮನ್ಸ್ ಡೋಮ್) ಮೊದಲಾದ ಕೆಲವೇ ಶಿಖರಗಳು ಇದರ ನೆಲೆ. ಸುಮಾರು 1,650 ಮೀಟರಿಗಿಂತ ಕೆಳಗೆ ಇದು ಕಾಣಸಿಗುವುದು ವಿರಳ. ಎರಡು ಶಿಖರಗಳ ನಡುವಿನ ಬೆಚ್ಚಗಿನ ಕಣಿವೆ ಈ ಜೀವಿಗೆ ಸಮುದ್ರವಿದ್ದಂತೆ. ಒಂದು ಬೆಟ್ಟದಲ್ಲಿ ಅಳಿದರೆ ಇನ್ನೊಂದರಿಂದ ಬಂದು ನೆಲೆಸುವ ಸಾಧ್ಯತೆ ತೀರಾ ಕಡಿಮೆ.

ನಾನು ಬೇಸಾಯಶಾಸ್ತ್ರದವನಾದ್ದರಿಂದ ನನ್ನ ಗಮನ ಸೆಳೆದದ್ದು ಅದರ ವಾಸಸ್ಥಾನದ ತೇವಾಂಶ. ಹಾವಸೆಗೂ ಬಂಡೆಗೂ ನಡುವಿನ ತೆಳುವಾದ ಸಂದಿಯಲ್ಲಿ ಜೇಡ ಕೊಳವೆಯಾಕಾರದ ಬಲೆ ಹೆಣೆಯುತ್ತದೆ. ಹಾವಸೆ ಒಣಗಿದರೆ ಅದು ಬದುಕದು, ನೀರು ತೊಟ್ಟಿಕ್ಕುವಷ್ಟು ನೆನೆದಿದ್ದರೂ ಅದಕ್ಕೆ ಒಗ್ಗದು. ಆ ಸಮತೋಲವನ್ನು ಕಾಪಾಡುವುದು ಮೇಲಿನ ಮರಗಳ ನೆರಳು ಮತ್ತು ಬೆಟ್ಟದ ಮಂಜು. ಕಾಫಿ ಬೆಳೆಗಾರರಿಗೆ ಇದನ್ನು ವಿವರಿಸಬೇಕಿಲ್ಲ: ಮರಗಸಿ ವಿಪರೀತವಾದ ತೋಟದಲ್ಲಿ ಕಾಂಡದ ಮೇಲಿನ ಹಾವಸೆ ಬೇಸಿಗೆಗೆ ಕಂದಿ ಉದುರುವುದನ್ನು ನೀವು ನೋಡಿಯೇ ಇರುತ್ತೀರಿ. ಸಂತಾನವೃದ್ಧಿಯೂ ನಿಧಾನ, ಒಂದು ಮೊಟ್ಟೆಚೀಲದಲ್ಲಿ ಏಳರಿಂದ ಒಂಬತ್ತು ಮೊಟ್ಟೆಗಳಷ್ಟೇ ಇರುತ್ತವೆ.

ಆ ನೆರಳು ಹೋದದ್ದು ಕೊಡಲಿಯಿಂದಲ್ಲ. ಸಸ್ಯಹೇನುಗಳ ಹತ್ತಿರದ ಬಂಧುವಾದ ಅಡೆಲ್ಜಿಸ್ ಪೈಸಿಯೆ ಎಂಬ ಕೀಟ ಯುರೋಪಿನಿಂದ, ಬಹುಶಃ ನರ್ಸರಿ ಸಸಿಗಳ ಮೂಲಕ, 1900ರ ಸುಮಾರಿಗೆ ಉತ್ತರ ಅಮೆರಿಕವನ್ನು ಪ್ರವೇಶಿಸಿತು. ಮೌಂಟ್ ಮಿಚೆಲ್‌ನಲ್ಲಿ ಅದು ಕಂಡುಬಂದದ್ದು 1957ರಲ್ಲಿ. ಒಂದು ಮಿ.ಮೀ. ಗಾತ್ರದ ಈ ಕೀಟ ಹಿಟ್ಟು ತಿಗಣೆಯಂತೆಯೇ ಬಿಳಿ ಉಣ್ಣೆಯಂಥ ಹೊದಿಕೆ ಹೊದ್ದು ತೊಗಟೆಯ ರಸ ಹೀರುತ್ತದೆ. ಅಮೆರಿಕದಲ್ಲಿ ಇದರ ಹೆಣ್ಣುಗಳು ಮಾತ್ರ ಇದ್ದು, ಗಂಡಿನ ನೆರವಿಲ್ಲದೆ ಮೊಟ್ಟೆಯಿಡುತ್ತವೆ; ಮರಿಗಳು ಗಾಳಿಯಲ್ಲಿ ತೇಲಿ ಹರಡುತ್ತವೆ. ಕೀಟದ ಜೊಲ್ಲಿನಿಂದ ಮರದ ಕಟ್ಟಿಗೆ ವಿಕಾರಗೊಂಡು ನೀರು ಮೇಲೇರುವುದು ನಿಲ್ಲುತ್ತದೆ. ಬಲಿತ ಫ್ರೇಸರ್ ಫರ್ ಮರಗಳು ಕೆಲವೇ ವರ್ಷಗಳಲ್ಲಿ ನಿಂತಲ್ಲಿಯೇ ಒಣಗಿದವು, ಬೆಟ್ಟದ ನೆತ್ತಿಗೆ ಬಿಸಿಲು ಬಿತ್ತು, ಬಂಡೆಯ ಮೇಲಿನ ಹಾವಸೆ ಒಣಗಿತು. ಕೀಟ ಜೇಡವನ್ನು ಮುಟ್ಟಲೇ ಇಲ್ಲ.

ಸಿಂಪಡಣೆ ಮಾಡಬಹುದಿತ್ತಲ್ಲ ಎಂದು ನೀವು ಕೇಳಬಹುದು. ಇದೇ ಫ್ರೇಸರ್ ಫರ್ ನಾರ್ತ್ ಕೆರೊಲಿನಾದ ರೈತರಿಗೆ ಕ್ರಿಸ್‌ಮಸ್ ಮರವಾಗಿ ಮಾರಾಟವಾಗುವ ಪ್ರಮುಖ ಬೆಳೆ, ಅವರು ತಮ್ಮ ತೋಟಗಳಲ್ಲಿ ಸಿಂಪಡಿಸಿ ಹತೋಟಿ ಮಾಡುತ್ತಾರೆ. ಕಾಡಿನಲ್ಲಿ ಪ್ರತಿ ಮರದ ಕಾಂಡವನ್ನೂ ತೋಯಿಸುವುದು ಅಸಾಧ್ಯ, ಕೆಳಗೆ ಸೋರುವ ಔಷಧ ಜೇಡಕ್ಕೂ ಅಪಾಯ. ಜೈವಿಕ ಹತೋಟಿಗೆಂದು ತಂದು ಬಿಟ್ಟ ಪರಭಕ್ಷಕ ಕೀಟಗಳಿಂದ ನಿರೀಕ್ಷಿತ ಫಲ ಸಿಗಲಿಲ್ಲ. ಇಲ್ಲಿ ನಮ್ಮ ಅನುಭವವನ್ನು ಹೋಲಿಸಿ ನೋಡಿ. 2008ರಲ್ಲಿ ಕೊಯಮತ್ತೂರಿನಲ್ಲಿ ಕಾಣಿಸಿಕೊಂಡ ಪಪ್ಪಾಯಿ ಹಿಟ್ಟು ತಿಗಣೆ ಪಪ್ಪಾಯಿಯ ಜೊತೆಗೆ ಹಿಪ್ಪುನೇರಳೆಯನ್ನೂ ಕಾಡಿತು. 2010ರಲ್ಲಿ ಹೊರದೇಶದಿಂದ ತರಿಸಿದ ಅಸಿರೋಫೇಗಸ್ ಪಪಾಯೆ ಎಂಬ ಪರತಂತ್ರ ಕಣಜ ಅದನ್ನು ಹತೋಟಿಗೆ ತಂದಿತು. ಅಡೆಲ್ಜಿಸ್ ಸೇರಿರುವ ಕುಟುಂಬದ ಯಾವುದೇ ಕೀಟಕ್ಕೂ ಪರತಂತ್ರ ಕಣಜ ಈವರೆಗೆ ಪತ್ತೆಯಾಗಿಲ್ಲ. ಪಪ್ಪಾಯಿಯ ವಿಷಯದಲ್ಲಿ ನಮಗೆ ಅದೃಷ್ಟವಿತ್ತು ಎಂದೇ ನನ್ನ ಭಾವನೆ.

1995ರ ಫೆಬ್ರವರಿಯಲ್ಲಿ ಅಮೆರಿಕ ಸರ್ಕಾರ ಹಾವಸೆ ಜೇಡವನ್ನು ಅಳಿವಿನಂಚಿನ ಜೀವಿಯೆಂದು ಘೋಷಿಸಿ, 2001ರಲ್ಲಿ ಅದರ ಉಳಿವಿಗೆ ಅತ್ಯಗತ್ಯವಾದ ವಾಸಸ್ಥಾನಗಳನ್ನು ಗುರುತಿಸಿತು. ಸಮೀಕ್ಷೆಯೂ ಸುಲಭವಲ್ಲ: ಜೇಡವನ್ನು ನೋಡಬೇಕಾದರೆ ಹಾವಸೆಯನ್ನು ಎತ್ತಬೇಕು, ಎತ್ತಿದರೆ ಅದರ ಮನೆಯೇ ಹಾಳಾಗುತ್ತದೆ. ಹೀಗಾಗಿ ಅಂಚನ್ನಷ್ಟೇ ಮೆಲ್ಲಗೆ ಸರಿಸಿ, ಪರೀಕ್ಷಿಸಿ, ಮತ್ತೆ ಮೊದಲಿನಂತೆ ಒತ್ತಿಡುತ್ತಾರೆ. ಸತ್ತ ಮರಗಳ ಕೆಳಗೆ ಎಳೆಯ ಫರ್ ಸಸಿಗಳು ದಟ್ಟವಾಗಿ ಎದ್ದಿರುವುದು ಸಮಾಧಾನದ ವಿಷಯ. ನುಣುಪಾದ ಎಳೆ ತೊಗಟೆಯಲ್ಲಿ ಕೀಟಕ್ಕೆ ಆಶ್ರಯ ಕಡಿಮೆ. ಮರ ಬಲಿತು ತೊಗಟೆ ಬಿರಿದಾಗ ಏನಾಗುತ್ತದೆ ಎಂಬುದರ ಮೇಲೆ ಜೇಡದ ಭವಿಷ್ಯ ನಿಂತಿದೆ. ತಾಪಮಾನ ಏರಿ ಮಂಜು ಮೇಲಕ್ಕೆ ಸರಿದರೆ, ಈಗಾಗಲೇ ತುದಿಯಲ್ಲಿರುವ ಈ ಜೀವಿಗೆ ಇನ್ನೂ ಮೇಲೇರಲು ಬೆಟ್ಟವೇ ಇಲ್ಲ.

ಹೊರದೇಶದ ಸಸಿ, ಕಡ್ಡಿ, ಗೆಡ್ಡೆಗಳನ್ನು ತರಲು 2003ರ ಸಸ್ಯ ಸಂಗರೋಧ ಆದೇಶದ ಪ್ರಕಾರ ಪರವಾನಗಿ ಮತ್ತು ತಪಾಸಣೆ ಕಡ್ಡಾಯ. ಪ್ರವಾಸದಿಂದ ಮರಳುವಾಗ ಚೀಲದಲ್ಲಿ ಒಂದು ಕಡ್ಡಿ ಇಟ್ಟುಕೊಂಡು ಬರುವುದೂ ಇದಕ್ಕೆ ಹೊರತಲ್ಲ. ಬೇರೆ ಜಿಲ್ಲೆಯ ನರ್ಸರಿಯಿಂದ ತಂದ ಸಸಿಗಳನ್ನೂ ಕೆಲವು ವಾರ ತೋಟದಿಂದ ದೂರವಿಟ್ಟು ಎಲೆಯ ಅಡಿಭಾಗ, ಕಾಂಡದ ಬಿರುಕು ಹಾಗೂ ಬುಡವನ್ನು ಪರೀಕ್ಷಿಸಿರಿ. ಪರಿಚಯವಿಲ್ಲದ ಬಿಳಿ ಉಣ್ಣೆಯಂಥ ಹೊದಿಕೆ ಕಂಡರೆ ಸಸಿಯನ್ನು ನಾಟಿ ಮಾಡದೆ, ಸ್ಥಳದಿಂದ ಕದಲಿಸದೆ, ಸಮೀಪದ ಕೃಷಿ ವಿಜ್ಞಾನ ಕೇಂದ್ರಕ್ಕೆ ಕೂಡಲೇ ತಿಳಿಸಿರಿ. ವಿಸ್ತರಣಾ ಕಾರ್ಯಕರ್ತರು ಅಂತಹ ಮಾದರಿಯನ್ನು ಮುಚ್ಚಿದ ಡಬ್ಬಿಯಲ್ಲಿಯೇ ಸಾಗಿಸತಕ್ಕದ್ದು.