ಪಾಚಿಯ ಊಟ ನಿಲ್ಲಿಸೋಣ

ಅನೇಕ ಮನೆಗಳ ಹಿತ್ತಲಲ್ಲಿ ಸಿಮೆಂಟು ತೊಟ್ಟಿ ಇರುತ್ತದೆ. ಗಿಡಕ್ಕೆ, ಪಾತ್ರೆ ಬೆಳಗಲು ಅದರದ್ದೇ ನೀರು. ಇಂಥ ನಿಂತ ನೀರಿನಲ್ಲೇ ಡೆಂಗಿ ಜ್ವರದ ಸೊಳ್ಳೆ ಮೊಟ್ಟೆ ಇಡುತ್ತದೆ. ಅದಕ್ಕೇ ತೊಟ್ಟಿಗೆ ಗಪ್ಪಿ ಮೀನು ಬಿಡುತ್ತೇವೆ. ಗಪ್ಪಿ ಸೊಳ್ಳೆಯ ಮರಿಗಳನ್ನು ತಿಂದುಹಾಕುತ್ತದೆ. ಜೊತೆಗೆ ಒಂದೆರಡು ನೈದಿಲೆ ಗಿಡ ಇದ್ದರೆ ನೋಡಲೂ ಚೆಂದ.

ಆದರೆ ಬೇಸಿಗೆ ಬಂತೆಂದರೆ ನೀರು ಹಸಿರಾಗುತ್ತದೆ. ಗೋಡೆಗೆ ಪಾಚಿ ಕಟ್ಟುತ್ತದೆ. ಎಲ್ಲ ನೀರು ಚೆಲ್ಲಿ, ತಿಕ್ಕಿ, ಮತ್ತೆ ತುಂಬಬೇಕು. ಅಷ್ಟು ನೀರು ಹೊರುವವರು ಯಾರು? ಹೆಂಗಸರೇ ತಾನೆ! ಇಷ್ಟೆಲ್ಲ ಮಾಡಿದರೂ ಕೆಲವೇ ದಿನಕ್ಕೆ ಪಾಚಿ ಮತ್ತೆ ಹಾಜರು. ಯಾಕೆ ಹೀಗೆ? ಬನ್ನಿ, ತಿಳಿಯೋಣ.

ಪಾಚಿ ಅಂದರೆ ಏನು?

ಪಾಚಿಗೆ ಬೇರಿಲ್ಲ, ಹೂವಿಲ್ಲ, ಬೀಜವಿಲ್ಲ. ಆದರೂ ಅದು ಗಿಡದ ಹಾಗೆ ಬಿಸಿಲಿನಿಂದ ಆಹಾರ ಮಾಡಿಕೊಳ್ಳುತ್ತದೆ. ಹಸಿರು ನೀರಿನಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಪಾಚಿ ಲೆಕ್ಕವಿಲ್ಲದಷ್ಟು ಇರುತ್ತದೆ. ಇನ್ನೊಂದು ಬಗೆಯ ಪಾಚಿ ನೂಲಿನ ಹಾಗೆ ಎಳೆ ಎಳೆಯಾಗಿ ಬೆಳೆಯುತ್ತದೆ.

ಪಾಚಿಗೆ ಬೇಕಾದ್ದು ಎರಡು. ಒಂದು ಬಿಸಿಲು, ಇನ್ನೊಂದು ಗೊಬ್ಬರ. ಕೊಳೆತ ಎಲೆ, ಸಗಣಿ ನೀರು, ಅಕ್ಕಿ ತೊಳೆದ ನೀರು, ಮೀನು ತಿಂದು ಬಿಟ್ಟ ಕಾಳು, ಮೀನಿನ ಹಿಕ್ಕೆ ಎಲ್ಲವೂ ಪಾಚಿಗೆ ಊಟ. ಊಟ ಸಿಗುವವರೆಗೆ ಎಷ್ಟು ತಿಕ್ಕಿದರೂ ಪಾಚಿ ಬರುತ್ತದೆ.

ಮೀನು ಯಾಕೆ ಸಾಯುತ್ತದೆ?

ಹಗಲು ಪಾಚಿ ನೀರಿಗೆ ಆಮ್ಲಜನಕ ಕೊಡುತ್ತದೆ. ರಾತ್ರಿ ಬಿಸಿಲಿಲ್ಲ. ಆಗ ಪಾಚಿಯೂ ನಮ್ಮ ಹಾಗೆ ಆಮ್ಲಜನಕ ಬಳಸುತ್ತದೆ. ಪಾಚಿ ಅತಿಯಾದರೆ ಮೀನಿಗೆ ಉಸಿರು ಸಾಲದು. ಮುಂಜಾನೆ ಮೀನುಗಳು ಮೇಲೆ ಬಂದು ಬಾಯಿ ಬಾಯಿ ಬಿಡುವುದು ಇದಕ್ಕೇ.

ಪಾಚಿ ಸಾಯಲಿ ಅಂತ ಮೈಲುತುತ್ತ, ಬ್ಲೀಚಿಂಗ್ ಪುಡಿ ಹಾಕುವವರಿದ್ದಾರೆ. ಇದು ಬೇಡ. ಪಾಚಿಯ ಜೊತೆ ಮೀನೂ ಸಾಯುತ್ತದೆ. ಸತ್ತ ಪಾಚಿ ಕೊಳೆತು ಮತ್ತೆ ಗೊಬ್ಬರವಾಗುತ್ತದೆ. ಮೈಲುತುತ್ತದಲ್ಲಿ ತಾಮ್ರ ಇದೆ. ತಾಮ್ರ ಸ್ವಲ್ಪ ಹೆಚ್ಚಾದರೂ ಕುರಿಗೆ ವಿಷ. ಮೀನು ಹೋದರೆ ಸೊಳ್ಳೆ ವಾಪಸು ಬರುತ್ತದೆ.

ಹಾಗಾದರೆ ಏನು ಮಾಡೋಣ?

1. ನೆರಳು ಮಾಡೋಣ. ತೊಟ್ಟಿಯ ಅರ್ಧಕ್ಕೆ ತೆಂಗಿನ ಗರಿ ಹೊದಿಸೋಣ. ನೈದಿಲೆಗೆ ಬಿಸಿಲು ಬೇಕು, ಉಳಿದರ್ಧ ಅದಕ್ಕಿರಲಿ.

2. ಗಿಡ ಬೆಳೆಸೋಣ. ನೈದಿಲೆ ಎಲೆ ನೀರಿಗೆ ನೆರಳು. ಅದರ ಬೇರು ಗೊಬ್ಬರ ಹೀರುತ್ತದೆ, ಪಾಚಿಯ ಪಾಲು ಕಡಿಮೆಯಾಗುತ್ತದೆ. ಒಣಗಿದ ಎಲೆ ಕೂಡಲೇ ತೆಗೆಯೋಣ.

3. ಮೀನಿಗೆ ಕಾಳು ಕಡಿಮೆ ಹಾಕೋಣ. ಸೊಳ್ಳೆ ಮರಿ ಇದ್ದರೆ ಕಾಳೇ ಬೇಡ. ಹಾಕಿದರೂ ಚಿಟಿಕೆ ಸಾಕು.

4. ನೂಲಿನಂಥ ಪಾಚಿಯನ್ನು ಕೋಲಿಗೆ ಸುತ್ತಿ ತೆಗೆಯೋಣ. ಗೋಡೆಯನ್ನು ತೆಂಗಿನ ನಾರಿನಿಂದ ತಿಕ್ಕೋಣ. ಸೋಪು ಬೇಡ.

5. ವಾರಕ್ಕೊಮ್ಮೆ ಕಾಲು ಭಾಗ ನೀರು ಮಾತ್ರ ಬದಲಿಸೋಣ. ತೆಗೆದ ನೀರಿನಲ್ಲಿ ಗೊಬ್ಬರ ಇದೆ. ಬದನೆ, ಕರಿಬೇವಿನ ಬುಡಕ್ಕೆ ಹಾಕೋಣ. ಹೊಸ ನೀರಿಗೆ ಕ್ಲೋರಿನ್ ಹಾಕಿದ್ದರೆ, ಅಗಲ ಪಾತ್ರೆಯಲ್ಲಿ ಒಂದು ದಿನ ತೆರೆದಿಟ್ಟು ಆಮೇಲೆ ಸುರಿಯೋಣ.

ಮನೆಯೊಳಗೆ ಗಾಜಿನ ತೊಟ್ಟಿ ಇದ್ದರೂ ಇದೇ ಲೆಕ್ಕ. ಕಿಟಕಿಯ ಬಿಸಿಲಿಗೆ ಇಡಬಾರದು. ದೀಪ ದಿನಕ್ಕೆ 6ರಿಂದ 8 ಗಂಟೆ ಉರಿದರೆ ಸಾಕು.

ಎಚ್ಚರ!

ನೀರಿನ ಮೇಲೆ ನೀಲಿ-ಹಸಿರು ಕೆನೆ ಕಟ್ಟಿ ಕೆಟ್ಟ ವಾಸನೆ ಬಂದರೆ ಅದನ್ನು ದನಕರುಗಳಿಗೆ ಕುಡಿಸಬಾರದು. ಅಂಥ ಕೆನೆಯಲ್ಲಿ ವಿಷ ಇರಬಹುದು. ಮೀನಿನ ತೊಟ್ಟಿಯ ನೀರನ್ನು ನಾವೂ ಕುಡಿಯಬಾರದು. ಗಪ್ಪಿ ದಕ್ಷಿಣ ಅಮೆರಿಕದಿಂದ ಬಂದ ಮೀನು. ಅದನ್ನು ಕೆರೆ, ಹೊಳೆಗೆ ಬಿಟ್ಟರೆ ನಮ್ಮ ಊರಿನ ಮೀನುಗಳಿಗೆ ತೊಂದರೆ.

ಗೋಡೆಯಲ್ಲಿ ತೆಳ್ಳಗೆ ಪಾಚಿ ಇದ್ದರೆ ಇರಲಿ, ಗಪ್ಪಿಯೂ ಅದನ್ನು ಮೇಯುತ್ತದೆ. ಪಾಚಿ ಪೂರ್ತಿ ಹೋಗಬೇಕಾಗಿಲ್ಲ, ಹತೋಟಿಯಲ್ಲಿದ್ದರೆ ಸಾಕು. ಬಿಸಿಲು, ಗೊಬ್ಬರ ಕಡಿಮೆ ಮಾಡಿದರೆ ನೀರೂ ಉಳಿಯುತ್ತದೆ, ನಮ್ಮ ಸೊಂಟವೂ ಉಳಿಯುತ್ತದೆ.

ಮಾತಾಡೋಣ: ನಮ್ಮ ಊರಿನ ತೊಟ್ಟಿ, ಕೆರೆಗಳಿಗೆ ಗೊಬ್ಬರ ಎಲ್ಲಿಂದ ಬಂದು ಸೇರುತ್ತಿದೆ? ಅದನ್ನು ತಡೆಯುವುದು ಹೇಗೆ?