ಹಳೆಯ ಕಾರಿನ ಪುಟ್ಟ ಸ್ಕ್ರೂ

ಆಯುಧಪೂಜೆಯ ದಿನ ತೊಳೆದು, ಹಾರ ಹಾಕಿ ನಿಲ್ಲಿಸಿದ ಹಳೆಯ ಅಂಬಾಸಿಡರ್ ಕಾರನ್ನು ನೋಡಿ. ಕಣ್ಣು ಮೊದಲು ಹೋಗುವುದು ಅದರ ಮೈಮೇಲಿನ ಮಿರುಗುವ ಪಟ್ಟಿಗಳತ್ತ. ಗ್ಯಾರೇಜಿನವರು ಇವನ್ನು ‘ಬೀಡಿಂಗ್’ ಎನ್ನುತ್ತಾರೆ. ಆ ಪಟ್ಟಿಯನ್ನು ಹಿಡಿದಿರುವ ಸ್ಕ್ರೂ, ಕ್ಲಿಪ್ಪು, ನಟ್ಟುಗಳನ್ನು ಮಾತ್ರ ಯಾರೂ ಗಮನಿಸುವುದಿಲ್ಲ. ಆದರೆ ಕಾರಿನ ಮೈ ಎಷ್ಟು ಕಾಲ ಬಾಳುತ್ತದೆ ಎಂಬುದು ಬಹುಮಟ್ಟಿಗೆ ಈ ಪುಟ್ಟ ವಸ್ತುಗಳನ್ನೇ ಅವಲಂಬಿಸಿದೆ.

ಕಾರಣ ಸರಳ. ಪಟ್ಟಿ ಕೂರಿಸಲು ತಗಡಿನಲ್ಲಿ ತೂತು ಕೊರೆಯಬೇಕು. ತೂತಿನ ಅಂಚಿನಲ್ಲಿ ಬಣ್ಣವಿರುವುದಿಲ್ಲ. ಪಟ್ಟಿಯ ಹಿಂದೆ ಸೇರಿದ ಮಳೆನೀರು ಬೇಗ ಆರುವುದಿಲ್ಲ. ತುಕ್ಕು ಅಲ್ಲಿಂದಲೇ ಶುರುವಾಗುತ್ತದೆ. ಹೊರಗೆ ಬಣ್ಣ ಉಬ್ಬಿ ಕಾಣಿಸಿಕೊಳ್ಳುವ ಹೊತ್ತಿಗೆ ಒಳಗಿನ ತಗಡು ಜರಡಿಯಾಗಿರುತ್ತದೆ. ಅಂಬಾಸಿಡರ್ ತಯಾರಿಕೆ 2014ರಲ್ಲೇ ನಿಂತಿದೆ. ಹೊಸ ಬಾಗಿಲು ಎಲ್ಲಿಂದ ತರುವುದು?

ಸರಿಯಾದ ಸ್ಕ್ರೂ ಯಾವುದು ಎಂದು ಕೇಳಿದರೆ ಉತ್ತರಕ್ಕೆ ಸ್ವಲ್ಪ ಇತಿಹಾಸ ಬೇಕು. ಇಂಗ್ಲೆಂಡಿನ ಜೋಸೆಫ್ ವಿಟ್‌ವರ್ತ್ 1841ರಲ್ಲಿ ಬೋಲ್ಟಿನ ತ್ರೆಡ್ಡಿಗೆ 55 ಡಿಗ್ರಿ ಕೋನವನ್ನು ಸೂಚಿಸಿದ. ಅಮೆರಿಕದ ವಿಲಿಯಂ ಸೆಲರ್ಸ್ 1864ರಲ್ಲಿ 60 ಡಿಗ್ರಿ ಎಂದ. ಎರಡನೇ ಮಹಾಯುದ್ಧದಲ್ಲಿ ಒಂದೇ ಕಡೆ ಹೋರಾಡಿದ ಈ ದೇಶಗಳ ನಟ್ಟು ಬೋಲ್ಟುಗಳೇ ಒಂದಕ್ಕೊಂದು ಹೊಂದಲಿಲ್ಲ. ಆ ಪಾಡು ಕಂಡು ಅಮೆರಿಕ, ಬ್ರಿಟನ್, ಕೆನಡಾಗಳು 1948ರಲ್ಲಿ ‘ಯುನಿಫೈಡ್’ ಎಂಬ ಒಂದೇ ಅಳತೆಗೆ ಒಪ್ಪಿದವು. ಅಂಬಾಸಿಡರ್‌ಗೆ ಮೂಲವಾದ ಮಾರಿಸ್ ಆಕ್ಸ್‌ಫರ್ಡ್ ಮೂರನೆಯ ಸರಣಿ ಬರುವ ಹೊತ್ತಿಗೆ ಬ್ರಿಟಿಷ್ ಕಾರು ತಯಾರಕರು ಈ ಅಳತೆಯತ್ತ ಹೊರಳಿದ್ದರು.

ಅದಕ್ಕೂ ಹಿಂದಿನ ಮಾರಿಸ್ ಎಂಜಿನ್‌ಗಳ ಕಥೆ ಇನ್ನೂ ಸ್ವಾರಸ್ಯಕರ. ಅವನ್ನು ತಯಾರಿಸುತ್ತಿದ್ದ ಕೊವೆಂಟ್ರಿಯ ಕಾರ್ಖಾನೆ ಮೊದಲು ಫ್ರಾನ್ಸಿನ ಹಾಚ್ಕಿಸ್ ಕಂಪನಿಯದು. ಅಲ್ಲಿನ ಯಂತ್ರಗಳು ಮೆಟ್ರಿಕ್ ಅಳತೆಯವು. ಹೀಗಾಗಿ ಬೋಲ್ಟಿನ ತ್ರೆಡ್ ಫ್ರೆಂಚ್ ಅಳತೆಗೆ, ತಲೆ ಮಾತ್ರ ಇಂಗ್ಲಿಷ್ ಸ್ಪ್ಯಾನರಿಗೆ!

ಇದೆಲ್ಲ ಇಂದಿಗೇಕೆ ಎನ್ನಬಹುದು. ಕಾಲಿಂಚು ಎಂದರೆ 6.35 ಮಿಲಿಮೀಟರ್. ಇಂದು ಎಲ್ಲೆಡೆ ಸಿಗುವುದು 6 ಮಿಲಿಮೀಟರಿನ ಬೋಲ್ಟು. ನೋಡಲು ಎರಡೂ ಅಣ್ಣತಮ್ಮಂದಿರಂತೆ. ಆದರೆ ಚಿಕ್ಕದನ್ನು ಹಳೆಯ ನಟ್ಟಿಗೆ ಹಾಕಿದರೆ ಸಡಿಲವಾಗಿ ಕೂತು ಕಳಚಿ ಬೀಳುತ್ತದೆ. ಕಾಲಿಂಚಿನವುಗಳಲ್ಲೂ ಭೇದವಿದೆ: ಒಂದು ಇಂಚಿನ ಉದ್ದದಲ್ಲಿ ಬ್ರಿಟಿಷ್ ಫೈನ್‌ಗೆ 26 ಸುತ್ತು, ಯುನಿಫೈಡ್ ಫೈನ್‌ಗೆ 28. ಒತ್ತಾಯದಿಂದ ತಿರುಗಿಸಿದರೆ ತ್ರೆಡ್ ಕೆಡುತ್ತದೆ. ಕೈಬೆರಳಲ್ಲಿ ಸಲೀಸಾಗಿ ಹತ್ತದ ನಟ್ಟಿಗೆ ಸ್ಪ್ಯಾನರ್ ಹಾಕಬಾರದು.

ಇನ್ನು ಲೋಹದ ವಿಚಾರ. ಎರಡು ಬೇರೆ ಲೋಹಗಳು ತಾಗಿಕೊಂಡು ಒದ್ದೆಯಾದರೆ ಅದೊಂದು ಪುಟ್ಟ ಬ್ಯಾಟರಿಯೇ ಸರಿ. ಅವುಗಳಲ್ಲಿ ಒಂದು ಸವೆಯುತ್ತದೆ. ಉದ್ದನೆಯ ಸ್ಟೇನ್‌ಲೆಸ್ ಪಟ್ಟಿಗೆ ಸಾದಾ ಉಕ್ಕಿನ ಸ್ಕ್ರೂ ಹಾಕಿದರೆ ಸವೆಯುವ ಸರದಿ ಆ ಬಡ ಸ್ಕ್ರೂವಿನದು. ಹಾಗೆಂದು ಸ್ಟೇನ್‌ಲೆಸ್ ಸ್ಕ್ರೂ ಹಾಕಿದೊಡನೆ ಚಿಂತೆ ತೀರಲಿಲ್ಲ. ಪಟ್ಟಿ ಅಲ್ಯೂಮಿನಿಯಮ್ಮಿನದಾದರೆ ಸ್ಕ್ರೂ ಸುತ್ತ ಬಿಳಿಯ ಪುಡಿ ಕಾಣಿಸಿಕೊಳ್ಳಬಹುದು. ಕರಾವಳಿಯ ಉಪ್ಪುಗಾಳಿಯಲ್ಲಿ ಇದು ಇನ್ನೂ ಬೇಗ. ನಡುವೆ ನೈಲಾನ್ ವಾಷರ್ ಇಟ್ಟು, ನೀರು ತಡೆಯುವ ಗ್ರೀಸು ಸವರಿದರೆ ಲೋಹಗಳು ದೂರ ಉಳಿಯುತ್ತವೆ. ತೂತಿನ ಅಂಚಿಗೆ ಮೊದಲು ಪ್ರೈಮರ್ ಬಳಿದು ಒಣಗಿಸುವುದನ್ನು ಮರೆಯಬಾರದು.

ಮೂಲದಲ್ಲಿ ಸ್ಪ್ರಿಂಗ್ ಕ್ಲಿಪ್ ಇದ್ದ ಕಡೆ ಕ್ಲಿಪ್ಪನ್ನೇ ಹಾಕುವುದು ಒಳ್ಳೆಯದು. ಕಾರು ಓಡುವಾಗ ತಗಡು ಅದುರುತ್ತದೆ, ಬಿಸಿಲಿಗೆ ಹಿಗ್ಗುತ್ತದೆ. ಕ್ಲಿಪ್ಪು ಅದಕ್ಕೆ ತಕ್ಕಂತೆ ಬಾಗುತ್ತದೆ. ಅಲ್ಲಿ ಹೊಸದಾಗಿ ತೂತು ಕೊರೆದು ಸ್ಕ್ರೂ ಬಿಗಿದರೆ ಪಟ್ಟಿ ಸೊಟ್ಟಗಾಗುವುದಲ್ಲದೆ ತುಕ್ಕಿಗೆ ಇನ್ನೊಂದು ಬಾಗಿಲು ತೆರೆದಂತೆ.

ಸ್ಕ್ರೂವಿನ ತಲೆಗೂ ಚರಿತ್ರೆಯಿದೆ. ನಕ್ಷತ್ರದಂಥ ಗುಳಿಯ ಫಿಲಿಪ್ಸ್ ಸ್ಕ್ರೂ ಕಾರುಗಳಿಗೆ ಬಂದದ್ದು 1930ರ ದಶಕದ ಉತ್ತರಾರ್ಧದಲ್ಲಿ. 1925ರ ಕಾರಿನಲ್ಲಿ ಅದು ಕಂಡರೆ, ನಂತರ ಯಾರೋ ಕೈಯಾಡಿಸಿದ್ದಾರೆ ಎಂದೇ ಅರ್ಥ.

ಆದ್ದರಿಂದ ಹಳೆಯ ಕಾರನ್ನು ಬಿಚ್ಚುವಾಗ ಸ್ಕ್ರೂಗಳನ್ನು ಗುಜರಿಗೆ ಹಾಕಬೇಡಿ. ಯಾವುದು ಎಲ್ಲಿಯದೆಂದು ಚೀಟಿ ಬರೆದು ಡಬ್ಬಿಯಲ್ಲಿಡಿ. ತುಕ್ಕು ಹಿಡಿದು ಬಳಸಲಾಗದಿದ್ದರೂ ಅಂಗಡಿಯಲ್ಲಿ ಅಳತೆಗೆ ತೋರಿಸಲು ಅದಕ್ಕಿಂತ ಒಳ್ಳೆಯ ಸಾಕ್ಷಿ ಬೇರೆ ಇಲ್ಲ.