ಹಳೆಯ ವಿಮಾನಕ್ಕೆ ಹೊಸ ಟೈರು

ವಿಮಾನವೆಂದೊಡನೆ ನಮ್ಮ ಮನಸ್ಸು ರೆಕ್ಕೆ, ಎಂಜಿನು, ಪ್ರೊಪೆಲ್ಲರುಗಳ ಕಡೆಗೆ ಓಡುತ್ತದೆ. ನೆಲವನ್ನು ಮುಟ್ಟುವ ರಬ್ಬರಿನ ಚಕ್ರಗಳನ್ನು ಕುರಿತು ಯೋಚಿಸುವವರು ಕಡಮೆ. ಆದರೆ ಪ್ರತಿಯೊಂದು ಹಾರಾಟವೂ ಆರಂಭವಾಗುವುದು ಈ ಚಕ್ರಗಳ ಮೇಲೆ. ಮುಗಿಯುವುದೂ ಅವುಗಳ ಮೇಲೆಯೇ. ಎಪ್ಪತ್ತು ಎಂಬತ್ತು ವರ್ಷ ವಯಸ್ಸಾದ ಒಂದು ಪುಟ್ಟ ವಿಮಾನದ ಟೈರುಗಳು ಸವೆದುಹೋದುವೆಂದು ಭಾವಿಸೋಣ. ಅವಕ್ಕೆ ಬದಲಿ ಟೈರನ್ನೂ ಟ್ಯೂಬನ್ನೂ ಆರಿಸುವುದು ಹೇಗೆ? ಸೈಕಲ್ಲಿಗೆ ಟೈರು ಕೊಂಡಷ್ಟೇ ಸುಲಭವೆಂದು ತೋರುವ ಈ ಕೆಲಸದಲ್ಲಿ ನಮ್ಮ ಭೌತಶಾಸ್ತ್ರದ ಪಾಠಗಳು ಹಲವು ಅಡಗಿವೆ.

ಅಮೆರಿಕದ ಪೈಪರ್ ಜೆ-3 ಕಬ್ ವಿಮಾನವನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. 1938ರಿಂದ 1947ರವರೆಗೆ, ಮುಖ್ಯವಾಗಿ ಪೆನ್ಸಿಲ್ವೇನಿಯ ರಾಜ್ಯದ ಲಾಕ್ ಹೇವನ್ ಎಂಬ ಊರಿನಲ್ಲಿ, ಇಂಥ ಸುಮಾರು 20,000 ವಿಮಾನಗಳು ತಯಾರಾದುವು. ಇಬ್ಬರು ಕುಳಿತುಕೊಳ್ಳುವ, 65 ಅಶ್ವಶಕ್ತಿಯ ಎಂಜಿನುಳ್ಳ, ಹಳದಿ ಬಣ್ಣದ ಈ ವಿಮಾನದಲ್ಲಿ ಎರಡನೆಯ ಮಹಾಯುದ್ಧದ ಕಾಲದ ಅನೇಕ ಪೈಲಟ್ಟುಗಳು ಹಾರಾಟದ ಮೊದಲ ಪಾಠ ಕಲಿತರು. ಹಲವು ಕಬ್ ವಿಮಾನಗಳು ಇಂದಿಗೂ ಹಾರುತ್ತಿವೆ. ಜನರನ್ನೂ ಪೆಟ್ರೋಲನ್ನೂ ಹೊತ್ತ ಕಬ್ ವಿಮಾನದ ಗರಿಷ್ಠ ತೂಕ 1,220 ಪೌಂಡು, ಎಂದರೆ ಸುಮಾರು 550 ಕಿಲೋಗ್ರಾಂ.

ಅಂಕಿಗಳ ಅರ್ಥ

ಕಬ್ ವಿಮಾನದ ಮೂಲ ಟೈರಿನ ಅಳತೆ 8.00-4. ಮೊದಲ ಅಂಕಿಯು ಗಾಳಿ ತುಂಬಿದ ಟೈರಿನ ಅಗಲವನ್ನು ಸೂಚಿಸುತ್ತದೆ. ಅದು ಸುಮಾರು 8 ಅಂಗುಲ. ಎರಡನೆಯದು ಟೈರು ಕುಳಿತುಕೊಳ್ಳುವ ಲೋಹದ ಚಕ್ರದ ವ್ಯಾಸ. ಅದು 4 ಅಂಗುಲ. ಅಂಗೈಯಗಲದ ಚಕ್ರದ ಸುತ್ತ ಇಷ್ಟು ದಪ್ಪನೆಯ ರಬ್ಬರಿನ ಬಳೆ ಏಕೆ ಬೇಕು? ಅಂದಿನ ಸಣ್ಣ ವಿಮಾನಗಳು ಬಹುಮಟ್ಟಿಗೆ ಹುಲ್ಲಿನ ಮೈದಾನಗಳಲ್ಲಿ ಇಳಿಯುತ್ತಿದ್ದುವು. ಕಿರಿದಾದ, ಬಿಗಿಯಾದ ಟೈರು ಮೆದು ನೆಲದಲ್ಲಿ ಹೂತುಹೋಗುತ್ತದೆ. ಉಬ್ಬಿದ, ಮೆತ್ತನೆಯ ಟೈರು ಭಾರವನ್ನು ಹೆಚ್ಚು ವಿಸ್ತೀರ್ಣದ ಮೇಲೆ ಹರಡುತ್ತದೆ.

1946ರಲ್ಲಿ ಬಂದ ಸೆಸ್ನಾ 140 ವಿಮಾನದ ಟೈರಿನ ಅಳತೆ 6.00-6. ಅದರ ಒಳವ್ಯಾಸ 6 ಅಂಗುಲವಾದುದರಿಂದ 4 ಅಂಗುಲದ ಚಕ್ರಕ್ಕೆ ಅದು ಹೊಂದುವುದಿಲ್ಲ. ಆ ಟೈರೇ ಬೇಕೆಂದರೆ ಚಕ್ರ, ಬ್ರೇಕುಗಳನ್ನೂ ಬದಲಾಯಿಸಿ, ಆ ಬದಲಾವಣೆಗೆ ವಿಮಾನಯಾನ ಅಧಿಕಾರಿಗಳ ಒಪ್ಪಿಗೆಯನ್ನೂ ಪಡೆಯಬೇಕಾಗುತ್ತದೆ.

ಟೈರಿನ ಮೇಲೆ 'ಪ್ಲೈ ರೇಟಿಂಗ್' ಎಂಬ ಇನ್ನೊಂದು ಅಂಕಿ ಇರುತ್ತದೆ. ಹಿಂದೆ ಇದು ರಬ್ಬರಿನೊಳಗಿನ ಹತ್ತಿಯ ನೂಲಿನ ಪದರಗಳ ಸಂಖ್ಯೆಯಾಗಿತ್ತು. ಹತ್ತಿಗಿಂತ ಗಟ್ಟಿಯಾದ ನೈಲಾನ್ ಬಂದ ಮೇಲೆ ಇದು ಕೇವಲ ಬಲದ ಸೂಚಕವಾಗಿ ಉಳಿದಿದೆ. ಅಂಕಿ ಹೆಚ್ಚಾದಷ್ಟೂ ಟೈರು ಹೆಚ್ಚು ಭಾರ ಹೊರಬಲ್ಲುದು. ಆದರೆ ಹಗುರವಾದ ವಿಮಾನಕ್ಕೆ ಅಗತ್ಯಕ್ಕಿಂತ ಗಟ್ಟಿಯಾದ ಟೈರು ಹಾಕಿದರೆ ತೂಕ ಹೆಚ್ಚುವುದಲ್ಲದೆ ಟೈರು ಬಾಗುವುದೂ ಕಡಮೆಯಾಗುತ್ತದೆ.

ಸಣ್ಣ ಗಾಡಿಗಳ ಟೈರುಗಳಲ್ಲಿ ಇದೇ ಗಾತ್ರದವು ಅಗ್ಗವಾಗಿ ಸಿಗುವುದುಂಟು. ಅವನ್ನು ವಿಮಾನಕ್ಕೆ ಹಾಕಬಹುದೇ? ಹಾಕಕೂಡದು. ವಿಮಾನದ ಟೈರನ್ನು ಅದರ ಪಕ್ಕದ ಎತ್ತರದ ಸುಮಾರು ಮೂರನೆಯ ಒಂದು ಭಾಗದಷ್ಟು ಅಮುಕಿಕೊಳ್ಳುವಂತೆ ರಚಿಸಿರುತ್ತಾರೆ. ಮೋಟಾರಿನ ಟೈರು ಇದರ ಅರ್ಧದಷ್ಟು ಮಾತ್ರ ಬಾಗುತ್ತದೆ. ಆದುದರಿಂದಲೇ ಅಮೆರಿಕದಲ್ಲಿ ವಿಮಾನದ ಟೈರುಗಳಿಗೆ ಟಿಎಸ್‌ಒ-ಸಿ62 ಎಂಬ ಪ್ರತ್ಯೇಕ ಪ್ರಮಾಣವನ್ನು ಗೊತ್ತುಮಾಡಿದ್ದಾರೆ.

ಭಾರ ಹೊರುವುದು ಗಾಳಿ

ವಿಮಾನವನ್ನು ಎತ್ತಿ ಹಿಡಿದಿರುವುದು ರಬ್ಬರೆಂದು ನಾವು ತಿಳಿಯುತ್ತೇವೆ. ವಾಸ್ತವವಾಗಿ ಭಾರದ ಬಹುಭಾಗವನ್ನು ಹೊರುವುದು ಒಳಗಿನ ಗಾಳಿ. ರಬ್ಬರೂ ನೂಲೂ ಆ ಗಾಳಿಯನ್ನು ಹಿಡಿದಿಡುವ ಚೀಲ ಮಾತ್ರ. ಒಂದು ಚಕ್ರದ ಮೇಲೆ 250 ಕಿಲೋಗ್ರಾಂ ಭಾರವಿದ್ದು, ಗಾಳಿಯ ಒತ್ತಡವು ಹೊರಗಿನ ವಾಯುಮಂಡಲದ ಒತ್ತಡಕ್ಕಿಂತ ಚದರ ಸೆಂಟಿಮೀಟರಿಗೆ 1 ಕಿಲೋಗ್ರಾಂ ಹೆಚ್ಚಾಗಿದೆಯೆನ್ನೋಣ. ಆಗ ಟೈರು ನೆಲಕ್ಕೆ ತಾಗುವ ವಿಸ್ತೀರ್ಣ ಸುಮಾರು 250 ಚದರ ಸೆಂಟಿಮೀಟರು. ಒತ್ತಡವನ್ನು ಇಮ್ಮಡಿಸಿದರೆ ಈ ವಿಸ್ತೀರ್ಣ 125ಕ್ಕೆ ಇಳಿಯುತ್ತದೆ.

ವಿದ್ಯಾರ್ಥಿಗಳು ಇದನ್ನು ಮನೆಯಲ್ಲಿಯೇ ಪರೀಕ್ಷಿಸಬಹುದು. ಸೈಕಲ್ ಟೈರಿಗೆ ಮಸಿ ಹಚ್ಚಿ, ಚೌಕಳಿ ಕಾಗದದ ಮೇಲೆ ಮೆಲ್ಲಗೆ ಇಳಿಸಿ, ಒಬ್ಬರು ಸೈಕಲ್ಲಿನ ಮೇಲೆ ಕುಳಿತುಕೊಳ್ಳಲಿ. ಮೂಡಿದ ಗುರುತಿನೊಳಗಿನ ಚೌಕಗಳನ್ನು ಎಣಿಸಿರಿ. ಸ್ವಲ್ಪ ಗಾಳಿ ಬಿಟ್ಟು ಮತ್ತೊಮ್ಮೆ ನೋಡಿದರೆ ಗುರುತು ಹಿಗ್ಗಿರುವುದು ಕಾಣುತ್ತದೆ. ಟೈರಿನ ಪಕ್ಕಗಳೂ ಕೊಂಚ ಭಾರ ಹೊರುವುದರಿಂದ ಲೆಕ್ಕವು ಪೂರ್ತಿ ಸರಿಹೊಂದುವುದಿಲ್ಲ, ನಿಯಮವೇನೋ ಸ್ಪಷ್ಟವಾಗುತ್ತದೆ.

ನೆಲ ಮುಟ್ಟುವ ಕ್ಷಣ

550 ಕಿಲೋಗ್ರಾಂ ತೂಕದ ವಿಮಾನವು ಸೆಕೆಂಡಿಗೆ 1 ಮೀಟರು ವೇಗದಿಂದ ಕೆಳಗಿಳಿದು ನೆಲವನ್ನು ಮುಟ್ಟಿದರೆ ಆ ಇಳಿತದ ಚಲನಶಕ್ತಿ 275 ಜೌಲು. ವೇಗ 2 ಮೀಟರಾದರೆ ಶಕ್ತಿ 1,100 ಜೌಲು, ಎಂದರೆ ನಾಲ್ಕರಷ್ಟು. ಕಬ್ ವಿಮಾನದ ಕಾಲುಗಳಲ್ಲಿ ರಬ್ಬರು ಎಳೆಗಳ ಹಗ್ಗಗಳು ಈ ಹೊಡೆತವನ್ನು ನುಂಗುತ್ತವೆ. ಉಳಿದುದನ್ನು ಟೈರು ತಾನು ಅಮುಕಿಕೊಂಡು ತಾಳಿಕೊಳ್ಳುತ್ತದೆ.

ಇದೇ ಕ್ಷಣದಲ್ಲಿ ಇನ್ನೊಂದು ಘಟನೆಯೂ ನಡೆಯುತ್ತದೆ. ಆಕಾಶದಲ್ಲಿ ಚಕ್ರ ತಿರುಗುತ್ತಿರುವುದಿಲ್ಲ. ನೆಲ ಮಾತ್ರ ಗಂಟೆಗೆ ಸುಮಾರು 60 ಕಿಲೋಮೀಟರು ವೇಗದಿಂದ ಅದರ ಕೆಳಗೆ ಓಡುತ್ತಿರುತ್ತದೆ. 8.00-4 ಟೈರಿನ ಹೊರವ್ಯಾಸ ಸುಮಾರು 45 ಸೆಂಟಿಮೀಟರು. ನೆಲ ತಾಗಿದ ಅತ್ಯಲ್ಪ ಕಾಲದಲ್ಲಿ ಅದು ಸೆಕೆಂಡಿಗೆ ಸುಮಾರು 12 ಸುತ್ತಿನ ವೇಗವನ್ನು ಪಡೆಯಬೇಕು. ನೆಲದ ಘರ್ಷಣೆ ಮೊದಲು ಟೈರನ್ನು ತಿರುಗಿಸುತ್ತದೆ. ಟೈರು ಚಕ್ರವನ್ನು ತಿರುಗಿಸಬೇಕು. ಚಕ್ರದ ಜಡತ್ವ ಇದನ್ನು ತಡೆಯುತ್ತದೆ. ಟೈರಿನೊಳಗೆ ಸಾಕಷ್ಟು ಒತ್ತಡವಿದ್ದರೆ ಅದು ಚಕ್ರದ ಅಂಚನ್ನು ಬಿಗಿಯಾಗಿ ಹಿಡಿದಿರುತ್ತದೆ. ಒತ್ತಡ ಕಡಮೆಯಾಗಿದ್ದರೆ ಟೈರು ಅಂಚಿನ ಮೇಲೆ ಜಾರುತ್ತದೆ.

ಜಾರಿದರೆ ನಷ್ಟವೇನು? ಟೈರಿನೊಡನೆ ಟ್ಯೂಬೂ ಜಾರುತ್ತದೆ. ಆದರೆ ಟ್ಯೂಬಿಗೆ ಗಾಳಿ ತುಂಬುವ ವಾಲ್ವು ಚಕ್ರದ ರಂಧ್ರದಲ್ಲಿ ಸಿಕ್ಕಿಕೊಂಡಿರುತ್ತದೆ. ಟ್ಯೂಬು ಮುಂದೆ ಹೋಗುತ್ತದೆ, ವಾಲ್ವು ನಿಂತಲ್ಲೇ ನಿಲ್ಲುತ್ತದೆ. ಅದರ ಬುಡ ಕಿತ್ತು ಗಾಳಿಯೆಲ್ಲ ಒಮ್ಮೆಗೇ ಹೊರಬೀಳುತ್ತದೆ.

ಕಬ್ ಮೊದಲಾದ ಬಾಲಚಕ್ರದ ವಿಮಾನಗಳಲ್ಲಿ ಇದು ಸಣ್ಣ ಮಾತಲ್ಲ. ಅವುಗಳ ಮುಖ್ಯ ಚಕ್ರಗಳು ಗುರುತ್ವಕೇಂದ್ರಕ್ಕಿಂತ ಮುಂದಿರುತ್ತವೆ. ಬೆಂಗಳೂರಿನ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಯಲ್ಲಿ ತಯಾರಾಗಿ 1958ರಲ್ಲಿ ಮೊದಲು ಹಾರಿದ, ನಮ್ಮ ಫ್ಲೈಯಿಂಗ್ ಕ್ಲಬ್ಬುಗಳಲ್ಲಿ ಅನೇಕರಿಗೆ ಹಾರಾಟ ಕಲಿಸಿದ ಪುಷ್ಪಕ್ ವಿಮಾನವೂ ಇದೇ ಜಾತಿಯದು. ಆಟದ ಬಂಡಿಯನ್ನು ಮುಂದಿನಿಂದ ಹಗ್ಗ ಕಟ್ಟಿ ಎಳೆದರೆ ನೆಟ್ಟಗೆ ಬರುತ್ತದೆ. ಹಿಂದಿನಿಂದ ಕೋಲಿನಲ್ಲಿ ತಳ್ಳಿದರೆ ಪಕ್ಕಕ್ಕೆ ಹೊರಳುತ್ತದೆ. ಒಂದು ಚಕ್ರದ ಗಾಳಿ ಹೋದಾಗ ಆ ಕಡೆಯ ಎಳೆತ ಹೆಚ್ಚಿ ವಿಮಾನ ಅತ್ತ ತಿರುಗುತ್ತದೆ. ಹಿಂದಿರುವ ಭಾರವು ನೇರವಾಗಿ ಹೋಗಲು ಹವಣಿಸಿ ಆ ತಿರುವನ್ನು ಇನ್ನೂ ಹೆಚ್ಚಿಸುತ್ತದೆ. ವಿಮಾನ ಗಿರ್ರನೆ ಸುತ್ತಿ, ರೆಕ್ಕೆಯ ತುದಿ ನೆಲಕ್ಕೆ ಬಡಿದು, ಕಾಲು ಮುರಿಯಬಹುದು. ಇಷ್ಟಕ್ಕೂ ಮೂಲ ಒಂದು ಟ್ಯೂಬು!

ಟ್ಯೂಬಿನ ಆಯ್ಕೆ

ಆದುದರಿಂದ ಬಲ್ಲವರ ಮೊದಲ ನಿಯಮ ಇದು: ಹೊಸ ಟೈರಿಗೆ ಹೊಸ ಟ್ಯೂಬು. ಹಳೆಯ ಟ್ಯೂಬಿನಲ್ಲಿ ತೂತಿಲ್ಲವೆಂದು ಅದನ್ನೇ ಮತ್ತೆ ಹಾಕುವವರುಂಟು. ಆದರೆ ರಬ್ಬರು ಬಹುಕಾಲ ಹಿಗ್ಗಿದ ಸ್ಥಿತಿಯಲ್ಲಿದ್ದರೆ ಮೊದಲಿನ ಅಳತೆಗೆ ಪೂರ್ತಿಯಾಗಿ ಮರಳುವುದಿಲ್ಲ. ಹಿಗ್ಗಿದ ಟ್ಯೂಬನ್ನು ಇನ್ನೂ ಹಿಗ್ಗದ ಹೊಸ ಟೈರಿನೊಳಗೆ ಸೇರಿಸಿದರೆ ಅದು ಮಡಿಸಿಕೊಳ್ಳುತ್ತದೆ. ಪ್ರತಿ ಸುತ್ತಿಗೂ ಮಡಿಕೆ ಉಜ್ಜಿ ಉಜ್ಜಿ ತೆಳುವಾಗಿ ಕೊನೆಗೆ ಬಿರಿಯುತ್ತದೆ.

ಎರಡನೆಯದಾಗಿ ರಬ್ಬರಿನ ಜಾತಿಯನ್ನು ನೋಡಬೇಕು. ತೂತಿಲ್ಲದ ಟ್ಯೂಬಿನಿಂದಲೂ ಗಾಳಿ ಸೋರುತ್ತದೆ; ಗಾಳಿಯ ಅಣುಗಳು ರಬ್ಬರಿನ ಅಣುಗಳ ನಡುವೆ ನುಸುಳಿ ಹೊರಬರುತ್ತವೆ. 1937ರಲ್ಲಿ ಅಮೆರಿಕದ ವಿಲಿಯಂ ಸ್ಪಾರ್ಕ್ಸ್ ಮತ್ತು ರಾಬರ್ಟ್ ಥಾಮಸ್ ಎಂಬ ರಸಾಯನಶಾಸ್ತ್ರಜ್ಞರು ಕಂಡುಹಿಡಿದ ಬ್ಯುಟೈಲ್ ರಬ್ಬರಿನಲ್ಲಿ ಈ ಸೋರಿಕೆ ಬಹಳ ನಿಧಾನ. ವಾರಗಟ್ಟಲೆ ನಿಂತಿದ್ದು ಆಗೊಮ್ಮೆ ಈಗೊಮ್ಮೆ ಹಾರುವ ಹಳೆಯ ವಿಮಾನಕ್ಕೆ ಇದು ದೊಡ್ಡ ಅನುಕೂಲ. ಸಹಜ ರಬ್ಬರಾದರೋ ಕಡುಚಳಿಯಲ್ಲಿಯೂ ಹೆಚ್ಚು ಮೆದುವಾಗಿರುತ್ತದೆ. ಯಾವುದನ್ನು ಆರಿಸಿದರೂ ಹಾರಾಟಕ್ಕೆ ಮುಂಚೆ ಒತ್ತಡವನ್ನು ಅಳೆಯುವುದು ತಪ್ಪಬಾರದು.

ಮೂರನೆಯದು ವಾಲ್ವಿನ ಆಕಾರ. ಕೆಲವು ಚಕ್ರಗಳಿಗೆ ನೇರ ವಾಲ್ವು ಬೇಕು. ಕೆಲವಕ್ಕೆ ಬಾಗಿದ ವಾಲ್ವು ಬೇಕು. ಅಳತೆ ಸರಿಯಾಗಿದ್ದೂ ವಾಲ್ವು ಹೊಂದದಿದ್ದರೆ ಆ ಟ್ಯೂಬು ನಿಷ್ಪ್ರಯೋಜಕ.

ಜೋಡಿಸುವಾಗ

ಅನೇಕ ಸಣ್ಣ ವಿಮಾನಗಳ ಚಕ್ರಗಳು ಬೋಲ್ಟುಗಳಿಂದ ಕೂಡಿಸಿದ ಎರಡು ಹೋಳುಗಳಾಗಿರುತ್ತವೆ. ಗಾಳಿಯನ್ನು ಪೂರ್ತಿ ಬಿಡದೆ ಈ ಬೋಲ್ಟುಗಳನ್ನು ಸಡಿಲಿಸಿದರೆ ಹೋಳುಗಳು ಸಿಡಿದು ಪ್ರಾಣಕ್ಕೇ ಅಪಾಯವಾಗಬಹುದು. ಹೊಸ ಟ್ಯೂಬಿಗೆ ಟಾಲ್ಕ್ ಪುಡಿ ಸವರುತ್ತಾರೆ; ಆಗ ಅದು ಟೈರಿನೊಳಗೆ ಜಾರಿ ಸರಿಯಾಗಿ ಕುಳಿತುಕೊಳ್ಳುತ್ತದೆ. ಟೈರಿನ ಮೇಲಿನ ಕೆಂಪು ಚುಕ್ಕೆ ಅದರ ಅತಿ ಹಗುರವಾದ ಭಾಗವನ್ನು ತೋರಿಸುತ್ತದೆ. ಟ್ಯೂಬಿನ ಅತಿ ಭಾರವಾದ ಭಾಗವನ್ನು, ಗುರುತಿಲ್ಲದಿದ್ದರೆ ವಾಲ್ವನ್ನು, ಈ ಚುಕ್ಕೆಯ ನೇರಕ್ಕೇ ಇಟ್ಟರೆ ತೂಕ ಸಮವಾಗುತ್ತದೆ. ಒಮ್ಮೆ ಗಾಳಿ ತುಂಬಿ, ಬಿಟ್ಟು, ಮತ್ತೆ ತುಂಬಿದರೆ ಮಡಿಕೆಗಳು ಬಿಚ್ಚಿಕೊಳ್ಳುತ್ತವೆ. ಮೊದಲ ದಿನ ಟೈರು ಹಿಗ್ಗುವುದರಿಂದ ಒತ್ತಡ ಇಳಿಯುತ್ತದೆ. ಮರುದಿನ ಅಳೆದು ಕೊರತೆಯನ್ನು ತುಂಬಬೇಕು.

ದೊಡ್ಡದೆಲ್ಲ ಒಳ್ಳೆಯದಲ್ಲ

ಅಲಾಸ್ಕದಲ್ಲಿ ನದಿಯ ಜಲ್ಲಿದಂಡೆಗಳ ಮೇಲೆ ಇಳಿಯುವ ವಿಮಾನಗಳಿಗೆ ಭಾರಿ ಗಾತ್ರದ ಟೈರುಗಳನ್ನು ಹಾಕುತ್ತಾರೆ. ಅಲ್ಲಿ ಅವು ಬೇಕು. ಆದರೆ ದೊಡ್ಡ ಟೈರು ಗಾಳಿಯ ತಡೆಯನ್ನು ಹೆಚ್ಚಿಸುತ್ತದೆ. ಅಷ್ಟೇ ಅಲ್ಲ, ಬ್ರೇಕಿನ ತಿರುಚುಬಲ ಅಷ್ಟೇ ಇದ್ದು ತ್ರಿಜ್ಯ ಹೆಚ್ಚಿದರೆ ನೆಲದ ಮೇಲೆ ಸಿಗುವ ತಡೆಬಲ ಕಡಮೆಯಾಗುತ್ತದೆ. ಸಮತಟ್ಟಾದ ಮೈದಾನದಿಂದ ಹಾರುವವನಿಗೆ ಮೂಲ ಅಳತೆಯೇ ಮೇಲು.

ಸಣ್ಣ ವಿಮಾನವೊಂದನ್ನು ಹತ್ತಿರದಿಂದ ನೋಡುವ ಅವಕಾಶ ಸಿಕ್ಕಿದರೆ ವಾಚಕರು ಒಮ್ಮೆ ಬಗ್ಗಿ ಅದರ ಚಕ್ರವನ್ನು ನೋಡಲಿ. ಟೈರಿನಿಂದ ಲೋಹದ ಅಂಚಿನ ಮೇಲಕ್ಕೆ ಎಳೆದ ಬಣ್ಣದ ಒಂದು ಗೆರೆ ಅಲ್ಲಿ ಕಾಣಬಹುದು. ಗೆರೆ ನೇರವಾಗಿದ್ದರೆ ಟೈರು ಜಾರಿಲ್ಲವೆಂದು ಅರ್ಥ. ಅದು ಎರಡು ತುಂಡಾಗಿ ಒಂದು ಇತ್ತ, ಒಂದು ಅತ್ತ ಸರಿದಿದ್ದರೆ ಒಳಗಿನ ವಾಲ್ವಿನ ಬುಡ ಎಳೆತಕ್ಕೆ ಸಿಕ್ಕಿದೆ. ಆ ವಿಮಾನವು ಚಕ್ರವನ್ನು ಬಿಚ್ಚಿ ನೋಡುವವರೆಗೆ ಹಾರಕೂಡದು.